ವಸುಂಧರೆಯ ಬೆಲೆ, ಕರುವಿನ ಪಾಲು

ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಭಾವಿಸಿ ಕಿರಿಯರು ಹಿರಿಯರ ಕೈಗಿತ್ತು ನಮಸ್ಕರಿಸುವುದು, ಹಿರಿಯರು ಅವರನ್ನು ಮನಸಾರೆ ಹರಸುವುದು ಉತ್ತರ ಕರ್ನಾಟಕದ ಮನೆಮನೆಯ ಸಂಪ್ರದಾಯ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರು ಬನ್ನಿ ದೊರೆಯದಿದ್ದಾಗ ಮರಾಠಿ ನೆರೆಹೊರೆಯವರಂತೆ ಆಪಟೆಯ ಎಲೆಯನ್ನೇ ಹಂಚಿ ಆ ಸಂಪ್ರದಾಯವನ್ನು ಉಳಿಸಿಕೊಂಡು ಬಂದಿದ್ದಾರೆ. ಎಲೆ ಬಂಗಾರವಾದದ್ದು ಹೇಗೆಂಬುದಕ್ಕೆ ಜನರು ಹೇಳುವ ಕಥೆಗೆ ಮೂಲವು ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿದೆ. ವರತಂತು ಮಹರ್ಷಿಗಳ ಶಿಷ್ಯನಾದ ಕೌತ್ಸನು ಗುರುದಕ್ಷಿಣೆ ಕೊಟ್ಟೇ ತೀರುವೆನೆಂದು ಹಟ ಹಿಡಿದಾಗ, ಬೇಸತ್ತ ಗುರುಗಳು ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನು ತಾರೆಂದುಬಿಟ್ಟರು. ಶಿಷ್ಯನು ರಘುಮಹಾರಾಜನಲ್ಲಿಗೆ ಬಂದನು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಕೊಡುವ ಸ್ಥಿತಿಯಲ್ಲಿದ್ದ ರಾಜನು ಕುಬೇರನ ಮೇಲೆಯೇ ದಂಡೆತ್ತಿ ಹೋಗಲು ಸಿದ್ಧನಾದನು. ಬೆಳಗಾಗುವಷ್ಟರಲ್ಲಿ ಬೊಕ್ಕಸದಲ್ಲಿ ಹೊನ್ನಿನ ಮಳೆ ಸುರಿದಿತ್ತು. ಅದು ಸುರಿದದ್ದು ಬನ್ನಿಯ ಮರದ ಮೇಲೆ ಎಂಬುದು ಜನರು ಸೇರಿಸಿದ ಮಾತು, ಬಹು ಸೊಗಸಾದ ಮಾತು. ರಾಜನು ಅಷ್ಟನ್ನೂ ಕೌತ್ಸನಿಗೇ ಕೊಡುವೆನೆಂದನು. ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನನ್ನೂ ಹೆಚ್ಚಾಗಿ ಒಲ್ಲೆನೆಂದನು. ಸಾಕೇತದ ಜನರು ಇಬ್ಬರನ್ನೂ ಕೊಂಡಾಡಿದರಂತೆ.

ಇಲ್ಲಿ ಗಮನಿಸತಕ್ಕ ಸಂಗತಿ ಹೊನ್ನಿನ ರಾಶಿಯಲ್ಲ. ಯಾರದು ಎಷ್ಟು, ಯಾರಿಗೆ ಸಲ್ಲಬೇಕು, ಎಲ್ಲಿಗೆ ಸಾಕು ಎಂಬ ವಿವೇಚನೆ ಕೊಡುವವನಲ್ಲಿಯೂ ಇತ್ತು, ಕೊಳ್ಳುವವನಲ್ಲಿಯೂ ಇತ್ತು. ಆ ವಿವೇಚನೆಯ ನೆನಪಿಗಾಗಿ ಎಲೆಯು ಒಂದು ಸಂಜೆಯ ಮಟ್ಟಿಗೆ ಬಂಗಾರವಾಗುತ್ತದೆ. ಅದನ್ನು ಚಿನಿವಾರರ ಅಂಗಡಿಗೆ ಒಯ್ದು ತೂಗಿಸಿದವರು ಯಾರೂ ಇಲ್ಲ.

ಆದರೆ ಈಗ ಎಲೆಯನ್ನು ನಿಜವಾಗಿಯೂ ತೂಗುವ ಕಾಲ ಬಂದಿದೆ. 1979ರಲ್ಲಿ ಕಲಕತ್ತೆಯ ವಿಶ್ವವಿದ್ಯಾಲಯದ ಪ್ರೊಫೆಸರ್ ಟಿ. ಎಂ. ದಾಸ್ ಅವರು ಐವತ್ತು ವರ್ಷ ಬಾಳಿದ ಒಂದು ಮರವು ಪ್ರಾಣವಾಯು, ಮಣ್ಣಿನ ರಕ್ಷಣೆ, ನೀರಿನ ಸಂಚಯ ಮೊದಲಾದ ರೂಪದಲ್ಲಿ ಸಲ್ಲಿಸುವ ಸೇವೆಯ ಬೆಲೆ ಸುಮಾರು 15 ಲಕ್ಷ 70 ಸಾವಿರ ರೂಪಾಯಿ ಎಂದು ಲೆಕ್ಕ ಹಾಕಿದಾಗ ಅದನ್ನು ಓದಿದವರು ಬೆರಗಾದರು. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇಡೀ ಭೂಮಂಡಲದ ನಿಸರ್ಗಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ವಾರ್ಷಿಕ ಉತ್ಪನ್ನ ಅದರ ಅರ್ಧಕ್ಕೆ ತುಸು ಮಿಕ್ಕಿತ್ತು, ಅಷ್ಟೆ. ಅಂಗಡಿಯ ವ್ಯಾಪಾರಕ್ಕಿಂತ ಅಂಗಡಿ ನಿಂತ ನೆಲದ ಬಾಡಿಗೆಯೇ ಹೆಚ್ಚೆಂದಂತಾಯಿತು.

ಭಾರತದಲ್ಲಿ ಈ ಲೆಕ್ಕವು ಪಂಡಿತರ ಲೇಖನಗಳಿಂದ ಕಾನೂನಿಗೆ ಇಳಿದದ್ದು 2002ರ ಅಕ್ಟೋಬರಿನಲ್ಲಿ. ಅರಣ್ಯಭೂಮಿಯನ್ನು ಗಣಿ, ಅಣೆಕಟ್ಟು, ರಸ್ತೆಗಳಿಗಾಗಿ ಪಡೆಯುವವರು ಆ ಅರಣ್ಯದ ‘ನಿವ್ವಳ ವರ್ತಮಾನ ಮೌಲ್ಯ’ವನ್ನು ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ಪ್ರೊಫೆಸರ್ ಕಾಂಚನ್ ಚೋಪ್ರಾ ಅವರ ನೇತೃತ್ವದ ಸಮಿತಿಯ ವರದಿ ಹಾಗೂ ಅದರ ಮೇಲಣ ಪರಿಶೀಲನೆಗಳಾದ ಬಳಿಕ 2008ರ ಮಾರ್ಚಿನಲ್ಲಿ ದರ ನಿಗದಿಯಾಯಿತು: ಕಾಡಿನ ಜಾತಿ ಮತ್ತು ದಟ್ಟಣೆಯನ್ನು ನೋಡಿ ಹೆಕ್ಟೇರಿಗೆ 4 ಲಕ್ಷ 38 ಸಾವಿರದಿಂದ 10 ಲಕ್ಷ 43 ಸಾವಿರ ರೂಪಾಯಿಯವರೆಗೆ, ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ದರವನ್ನು ಏರಿಸಿದಾಗ ಗರಿಷ್ಠ ಮೊತ್ತ ಹೆಕ್ಟೇರಿಗೆ ಸುಮಾರು 16 ಲಕ್ಷವಾಯಿತು. ಮುಂಬಯಿಯಲ್ಲಿ ಒಂದು ಕೋಣೆಯ ಮನೆಗೂ ಸಾಲದ ಹಣಕ್ಕೆ ಎರಡೂವರೆ ಎಕರೆ ದಟ್ಟಡವಿ ಬಂತೆಂಬುದು ಈ ಪುಟವನ್ನು ಓದುವವರಿಗೆ ಹೊಳೆಯದಿರದು.

ಬೆಲೆ ಕಟ್ಟುವುದೇ ಪಾಪ, ಭೂಮಿತಾಯಿಯನ್ನು ಸಂತೆಯಲ್ಲಿ ನಿಲ್ಲಿಸಿದಂತೆ, ಎನ್ನುವ ಭಕ್ತರುಂಟು. ಅವರ ಭಾವನೆ ಗೌರವಕ್ಕೆ ಅರ್ಹವಾದದ್ದು. ಆದರೆ ವಾದವು ಪೂರ್ತಿ ನಿಲ್ಲುವುದಿಲ್ಲ. ಬೆಲೆಯಿಲ್ಲದ ವಸ್ತುವಿಗೆ ಸರಕಾರದ ಕಡತದಲ್ಲಿ ಬರೆಯುವ ಅಂಕಿ ‘ಅಮೂಲ್ಯ’ ಎಂದಲ್ಲ, ‘ಸೊನ್ನೆ’ ಎಂದು. ಎಷ್ಟೋ ದಶಕಗಳ ಕಾಲ ಕಾಡಿನ ಆದಾಯವೆಂದರೆ ನಾಟದ ಆದಾಯ ಮಾತ್ರ. ಮರ ನಿಂತಿದ್ದರೆ ನಷ್ಟ, ಉರುಳಿದರೆ ಲಾಭ. ಒರತೆ, ಜೇನು, ಗೊಬ್ಬರದ ಸೊಪ್ಪು, ಹಕ್ಕಿಯ ಗೂಡು ಯಾವ ಖಾತೆಯಲ್ಲಿಯೂ ಜಮೆಯಾಗುತ್ತಿರಲಿಲ್ಲ. ಹೀಗಿರುವಾಗ ಕಾಡನ್ನು ಕೇಳುವವನು ಮೊದಲು ಹಣ ಕಟ್ಟಲಿ ಎಂದದ್ದು ಬೇಲಿಯನ್ನೇನೋ ಹಾಕಿದಂತೆಯೇ. ದೇವರ ಪೂಜೆಗೆ ತರುವ ಹೂವಿಗೂ ಬೆಲೆಯುಂಟು, ಹೂವಾಡಗಿತ್ತಿಗೆ ಆ ಬೆಲೆಯನ್ನು ಕೊಡದೆ ತಂದರೆ ಪೂಜೆ ಕಳವಾಗುತ್ತದೆ. ಆದ್ದರಿಂದ ಧರ್ಮದ ಪ್ರಶ್ನೆ ‘ಬೆಲೆ ಕಟ್ಟಬಹುದೆ?’ ಎಂಬಲ್ಲಿ ಮುಗಿಯತಕ್ಕದ್ದಲ್ಲ. ಕಟ್ಟುವವರು ಯಾರು, ಹಣ ಸೇರುವುದು ಯಾರ ಕೈಗೆ, ‘ಇದು ಮಾರಾಟಕ್ಕಿಲ್ಲ’ ಎನ್ನುವ ಅಧಿಕಾರ ಯಾರಿಗೆ? ನ್ಯಾಯ ಅನ್ಯಾಯಗಳು ತೀರ್ಮಾನವಾಗುವುದು ಅಲ್ಲಿ.

ಮೊದಲು ಹಣದ ಮಾತು. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಒಂದು ಸಾಮಾನ್ಯ ನಿಯಮ ತಿಳಿದಿದೆ: ಯಾರ ಸ್ವತ್ತು ಹೋಯಿತೋ ಅವರ ಖಾತೆಗೆ ಹಣ ಜಮೆಯಾಗಬೇಕು, ಅವರ ಸಹಿಯಿಲ್ಲದೆ ಅದನ್ನು ತೆಗೆಯುವಂತಿಲ್ಲ. ಕಾಡಿನ ಹಣ ಹೋದದ್ದು ಬೇರೆ ದಾರಿಯಲ್ಲಿ. ಪರಿಹಾರ ಅರಣ್ಯೀಕರಣದ ಹೆಸರಿನಲ್ಲಿ ಅದು ವರ್ಷಾನುವರ್ಷ ಕೂಡುತ್ತ ಹೋಯಿತು. 2016ರಲ್ಲಿ ಅದಕ್ಕೆಂದೇ ಒಂದು ಶಾಸನವಾಯಿತು. 2019ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು 47,436 ಕೋಟಿ ರೂಪಾಯಿಗಳನ್ನು ರಾಜ್ಯಗಳಿಗೆ ವರ್ಗಾಯಿಸಿತು. ಶಾಸನದ ಪ್ರಕಾರ ನಿಧಿಯ ನೂರಕ್ಕೆ ತೊಂಬತ್ತು ಪಾಲು ರಾಜ್ಯಕ್ಕೆ, ಹತ್ತು ಪಾಲು ಕೇಂದ್ರಕ್ಕೆ. ಸೌದೆ, ಸೀಗೆ, ಅಂಟುವಾಳ, ದನದ ಮೇವು, ಮನೆದೇವರ ಬನ ಇವೆಲ್ಲವನ್ನೂ ಕಳೆದುಕೊಂಡ ಹಳ್ಳಿಗೆ ಹಕ್ಕಿನ ಪಾಲೆಂದು ಆ ಹಂಚಿಕೆಯಲ್ಲಿ ಒಂದು ಪೈಸೆಯೂ ಇಲ್ಲ. ಆ ಹಣದಿಂದ ಗಿಡ ನೆಡುವುದು ಕಾಡು ಹೋದ ಸ್ಥಳದಲ್ಲಿಯೇ ಎಂದೇನೂ ಇಲ್ಲ. ಅನೇಕ ಕಡೆಗಳಲ್ಲಿ ಇನ್ನೊಂದು ಊರಿನ ಗೋಮಾಳದಲ್ಲಿಯೋ, ಗಿರಿಜನರು ಉಳುತ್ತಿದ್ದ ನೆಲದಲ್ಲಿಯೋ ನೆಡುತೋಪು ಎದ್ದು, ಕಳೆದುಕೊಂಡವರ ಪಟ್ಟಿಗೆ ಮತ್ತೊಂದು ಊರು ಸೇರಿದ್ದುಂಟು. ಒಬ್ಬನ ಬಾವಿಯನ್ನು ಮುಚ್ಚಿ, ಪರಿಹಾರಕ್ಕೆಂದು ಮತ್ತೊಬ್ಬನ ಅಂಗಳವನ್ನು ಅಗೆದಂತೆ.

ಲೆಕ್ಕದ ಒಳಗೇ ಇನ್ನೊಂದು ಸೂಕ್ಷ್ಮವಿದೆ. ‘ವರ್ತಮಾನ ಮೌಲ್ಯ’ ಎಂದರೆ ಮುಂದೆ ಬರುವ ಪ್ರಯೋಜನವನ್ನು ಬಡ್ಡಿಯ ದರದಲ್ಲಿ ಸೋಡಿಬಿಟ್ಟು ಇಂದಿನ ಹಣವಾಗಿ ಕಾಣುವುದು. ನೂರಕ್ಕೆ ಐದರ ದರ ಹಿಡಿದರೆ, ಐವತ್ತು ವರ್ಷಗಳ ಬಳಿಕ ಕಾಡು ಕೊಡುವ ನೂರು ರೂಪಾಯಿಯ ನೀರು ಇಂದಿನ ಲೆಕ್ಕದಲ್ಲಿ 8 ರೂಪಾಯಿ 72 ಪೈಸೆ. ನೂರು ವರ್ಷಗಳ ಬಳಿಕ ಕೊಡುವ ನೂರು ರೂಪಾಯಿಯ ನೀರು ಕೇವಲ 76 ಪೈಸೆ. ಸಾಲದ ವ್ಯವಹಾರದಲ್ಲಿ ಇದು ತಪ್ಪಲ್ಲ. ಇಂದು ಸಾಲ ಕೊಟ್ಟವನೂ ನಾಳೆ ವಸೂಲು ಮಾಡುವವನೂ ಒಬ್ಬನೇ. ಕಾಯುವ ಕಷ್ಟಕ್ಕೆ ಅವನಿಗೆ ಬಡ್ಡಿ. ಆದರೆ ನೂರು ವರ್ಷಗಳ ಮೇಲೆ ಆ ನೀರನ್ನು ಕುಡಿಯುವವನು ಬೇರೊಬ್ಬ, ಇನ್ನೂ ಹುಟ್ಟದವನು. ಅವನ ಬಾಯಾರಿಕೆಯು ಇಂದಿನವನ ಬಾಯಾರಿಕೆಗಿಂತ ನೂರಮೂವತ್ತು ಪಟ್ಟು ಕಡಿಮೆಯೆಂದು ತೀರ್ಮಾನಿಸಲು ಅವನಿಂದ ಯಾರೂ ಅಧಿಕಾರಪತ್ರ ಪಡೆದಿಲ್ಲ. ಅಜ್ಜನು ನೆಟ್ಟ ಮಾವಿನ ಗಿಡವನ್ನು ಈ ಸೂತ್ರದಿಂದ ಅಳೆದಿದ್ದರೆ ಅದು ನೆಡತಕ್ಕದ್ದೇ ಅಲ್ಲವೆಂದು ಉತ್ತರ ಬರುತ್ತಿತ್ತು.

ಬೆಲೆಯನ್ನು ನಿರ್ಧರಿಸುವ ಮತ್ತೊಂದು ಕ್ರಮ, ‘ಇದನ್ನು ಉಳಿಸಲು ನೀವೆಷ್ಟು ಕೊಡಬಲ್ಲಿರಿ?’ ಎಂದು ಜನರನ್ನು ಕೇಳುವುದು. ಕೇಳಲು ಬಹಳ ಸಮಂಜಸ. ಆದರೆ ಉಳ್ಳವನು ತನ್ನ ಬೆಳಗಿನ ವಾಯುವಿಹಾರದ ತೋಪಿಗೆ ಸಾವಿರ ರೂಪಾಯಿ ಕೊಟ್ಟಾನು. ಅದೇ ತೋಪಿನ ಸೊಪ್ಪಿನಿಂದ ಒಲೆ ಉರಿಸುವ ಹೆಂಗಸು ಹತ್ತು ರೂಪಾಯಿಯನ್ನೂ ಕೊಡಲಾರಳು. ಉತ್ತರದಲ್ಲಿ ಬರುವುದು ಕೊಡುವವರ ಕಿಸೆಯ ಅಳತೆ, ಅವರ ಅಗತ್ಯದ ಅಳತೆಯಲ್ಲ. 1995ರ ಸುಮಾರಿಗೆ ಹವಾಮಾನ ಬದಲಾವಣೆಯನ್ನು ಕುರಿತ ಅಂತರರಾಷ್ಟ್ರೀಯ ಸಮಿತಿಗಾಗಿ ಹಾನಿಯ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ಬಡದೇಶದ ಒಂದು ಪ್ರಾಣಕ್ಕೆ ಶ್ರೀಮಂತ ದೇಶದ ಪ್ರಾಣಕ್ಕಿಂತ ಎಷ್ಟೋ ಪಟ್ಟು ಕಡಿಮೆ ಬೆಲೆ ಹಿಡಿದರು. ಭಾರತವು ಅದನ್ನು ಬಲವಾಗಿ ವಿರೋಧಿಸಿತು. ಲೆಕ್ಕ ಮಾಡಿದವರು ದುಷ್ಟರಾಗಿರಲಿಲ್ಲ, ತಮ್ಮ ಸೂತ್ರಕ್ಕೆ ನಿಷ್ಠರಾಗಿದ್ದರು.

ಇನ್ನು ಮರದ ಮಾತು. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಹಳೆಯ ಸಾಲುಮರಗಳನ್ನು ಕಡಿಯುವ ಪ್ರಶ್ನೆ ಬಂದಾಗ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ತಜ್ಞರ ಸಮಿತಿಯು 2021ರಲ್ಲಿ, ಮರದ ವಯಸ್ಸಿನ ಒಂದೊಂದು ವರ್ಷಕ್ಕೆ 74,500 ರೂಪಾಯಿಯಂತೆ ಬೆಲೆ ಹಿಡಿಯಬೇಕೆಂದು ಸಲಹೆ ಮಾಡಿತು. ನೂರು ವರ್ಷ ದಾಟುವ ಮರಕ್ಕೆ ಕೋಟಿಗೂ ಮಿಕ್ಕ ಬೆಲೆ ಬರುವುದೆಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. 2023ರ ಫೆಬ್ರವರಿಯಲ್ಲಿ ಆ ಮರಗಳನ್ನು ಕಡಿಯಲು ಅನುಮತಿ ದೊರೆಯಿತು. ಕೋಟಿಯ ಬೆಲೆಯೂ ಮರದ ಬುಡವನ್ನು ಕಾಯಲಿಲ್ಲ.

ಪುರಾಣದ ಕಡೆ ತಿರುಗಿದರೆ ಶ್ರೀಮದ್ಭಾಗವತದ ಚತುರ್ಥ ಸ್ಕಂಧದಲ್ಲಿ ಬರುವ ಪೃಥು ಚಕ್ರವರ್ತಿಯ ಉಪಾಖ್ಯಾನ ಈ ಪ್ರಸಂಗಕ್ಕೆ ಬಹಳ ಸಮೀಪದ್ದು. ಭೂಮಿಗೆ ‘ಪೃಥ್ವಿ’ ಎಂಬ ಹೆಸರು ಬಂದದ್ದು ಇವನಿಂದಲೇ. ವೇನನ ದುರಾಡಳಿತದ ತರುವಾಯ ಬೆಳೆಯಿಲ್ಲದೆ ಪ್ರಜೆಗಳು ಹಸಿದು ಬಂದಾಗ ಪೃಥುವು ಬಿಲ್ಲೆತ್ತಿ ಭೂಮಿಯನ್ನು ಅಟ್ಟಿಸಿಕೊಂಡು ಹೋದನು. ಭೂದೇವಿಯು ಗೋರೂಪದಿಂದ ಓಡಿ, ದಿಕ್ಕುಗಾಣದೆ ನಿಂತು, ಹೇಳಿದ ಮಾತಿನ ತಾತ್ಪರ್ಯ ಹೀಗಿದೆ: ಸಸ್ಯಗಳನ್ನು ತಾನು ಬಚ್ಚಿಟ್ಟದ್ದು ನಿಜ, ನಿಯಮವಿಲ್ಲದವರು ಅವನ್ನು ಕಳ್ಳರಂತೆ ಸೂರೆಗೊಳ್ಳುತ್ತಿದ್ದರು, ಕಾಯಬೇಕಾದವರು ಕಾಯಲಿಲ್ಲ, ಈಗ ಹಾಲು ಬೇಕಾದರೆ ತನ್ನನ್ನು ಕೊಂದು ಪ್ರಯೋಜನವಿಲ್ಲ, ಯೋಗ್ಯವಾದ ಕರುವನ್ನು ತಂದರೆ ವಾತ್ಸಲ್ಯದಿಂದ ತಾನೇ ತೊರೆಬಿಡುವೆನು. ಪೃಥುವು ಸ್ವಾಯಂಭುವ ಮನುವನ್ನೇ ಕರುವಾಗಿ ಮಾಡಿ, ತನ್ನ ಕೈಗಳನ್ನೇ ಪಾತ್ರೆಯಾಗಿಸಿ ಹಾಲು ಕರೆದನು. ಅನಂತರ ದೇವತೆಗಳು, ಋಷಿಗಳು, ಮರಗಳು, ಬೆಟ್ಟಗಳು ಕೂಡ ತಮ್ಮ ತಮ್ಮ ಕರುವನ್ನು ಬಿಟ್ಟು ತಮಗೆ ಬೇಕಾದುದನ್ನು ಕರೆದುಕೊಂಡವು.

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಕಥೆಯ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಹಟ್ಟಿಯಲ್ಲಿ ಮೊದಲು ಕರುವನ್ನು ಬಿಡುತ್ತಾರೆ. ಅದು ಗುದ್ದಿ ಕುಡಿದು ಹಸು ತೊರೆಬಿಟ್ಟ ಮೇಲೆ ತಂಬಿಗೆ ಹಿಡಿಯುತ್ತಾರೆ. ಕರೆದಾದ ಮೇಲೆ ಒಂದು ಮೊಲೆಯನ್ನು ಕರುವಿಗೇ ಉಳಿಸುತ್ತಾರೆ. ಕರು ಸತ್ತ ಹಸುವಿನ ಮುಂದೆ ಹುಲ್ಲು ತುಂಬಿದ ತೊಗಲಿನ ಕರುವನ್ನು ನಿಲ್ಲಿಸಿ ಹಾಲು ಕರೆಯುವ ಗೌಳಿಗರೂ ಇದ್ದಾರೆ, ಅದು ಬೇರೆ ಮಾತು. ಭೂಮಿಯ ಹಾಲನ್ನು ಕರೆಯುವ ಇಂದಿನ ಯೋಜನೆಗಳಲ್ಲಿ ಕಾಡಂಚಿನ ಜನರೇ ಕರು. ಅವರ ಹೆಸರು ಪ್ರತಿ ವರದಿಯ ಮುನ್ನುಡಿಯಲ್ಲಿಯೂ ಇದೆ. ಆದರೆ ಎಷ್ಟು ವರದಿಗಳಲ್ಲಿ ಅದು ಜೀವಂತ ಕರು, ಎಷ್ಟರಲ್ಲಿ ಹುಲ್ಲಿನ ಕರು ಎಂಬುದನ್ನು ಒಬ್ಬೊಬ್ಬರೂ ನೋಡಿಕೊಳ್ಳಬೇಕು.

ಜೀವಂತ ಕರು ಮುಂದೆ ಬಂದು ನಿಂತದ್ದು ಒರಿಸ್ಸಾದ ನಿಯಮಗಿರಿಯಲ್ಲಿ. ಕಾಲಾಹಂಡಿ ಮತ್ತು ರಾಯಗಡ ಜಿಲ್ಲೆಗಳಿಗೆ ಹಬ್ಬಿದ ಆ ಗಿರಿಶ್ರೇಣಿಯ ನೆತ್ತಿಯಲ್ಲಿ ಬಾಕ್ಸೈಟ್ ಅದಿರಿದೆ. ತಪ್ಪಲಿನ ಲಾಂಜಿಗಡದಲ್ಲಿ ಅಲ್ಯುಮಿನಾ ಕಾರ್ಖಾನೆ ಎದ್ದಿದೆ. ಅಲ್ಲಿನ ಡೋಂಗ್ರಿಯಾ ಕೊಂಧರಿಗೆ ಆ ಬೆಟ್ಟವು ನಿಯಮರಾಜನೆಂಬ ದೇವರ ನೆಲೆ. ನೆತ್ತಿಯ ಕಾಡನ್ನು ಕಡಿಯಬಾರದೆಂಬುದು ಆ ದೇವರ ಕಟ್ಟಳೆ. ಸುಮಾರು 660 ಹೆಕ್ಟೇರು ಅರಣ್ಯವನ್ನು ಗಣಿಗೆ ಬಿಡುವ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 2007ರ ನವೆಂಬರಿನಲ್ಲಿ ಸೂಚಿಸಿ 2008ರ ಆಗಸ್ಟಿನಲ್ಲಿ ಒಪ್ಪಿದ ಕರಾರುಗಳು ಹೀಗಿದ್ದವು: ಅರಣ್ಯದ ವರ್ತಮಾನ ಮೌಲ್ಯಕ್ಕೆ 55 ಕೋಟಿ ರೂಪಾಯಿ, ವನ್ಯಜೀವಿಗಳ ವ್ಯವಸ್ಥೆಗೆ 50 ಕೋಟಿ 53 ಲಕ್ಷ, ಗಿರಿಜನರ ಅಭಿವೃದ್ಧಿಗೆ 12 ಕೋಟಿ 20 ಲಕ್ಷ, ಅಲ್ಲದೆ ಗಣಿಯ ವಾರ್ಷಿಕ ಲಾಭದ ನೂರಕ್ಕೆ ಐದು ಅಥವಾ 10 ಕೋಟಿ ರೂಪಾಯಿ, ಯಾವುದು ಹೆಚ್ಚೋ ಅದು. ಕಂಜೂಸಿತನದ ಮೊತ್ತವೆಂದು ಯಾರೂ ಹೇಳಲಾರರು. ಹುಲಿ ಆನೆಗಳ ಪಾಲು ಗಿರಿಜನರ ಪಾಲಿನ ನಾಲ್ಕು ಪಟ್ಟು ಎಂಬುದನ್ನು ಮಾತ್ರ ಲೆಕ್ಕ ಬಲ್ಲವರು ಗಮನಿಸಬಹುದು. ಆ ಪಟ್ಟಿಯಲ್ಲಿ ಒಂದು ಬಾಬು ಇರಲಿಲ್ಲ, ನಿಯಮರಾಜ.

2010ರಲ್ಲಿ ಪರಿಸರ ಮಂತ್ರಾಲಯವು ಅರಣ್ಯದ ಅನುಮತಿಯನ್ನು ನಿರಾಕರಿಸಿತು. ಮೊಕದ್ದಮೆ ಮತ್ತೆ ನ್ಯಾಯಾಲಯಕ್ಕೆ ಬಂತು. 2006ರ ಅರಣ್ಯಹಕ್ಕು ಶಾಸನವನ್ನು ಅವಲಂಬಿಸಿ ಅದೇ ನ್ಯಾಯಾಲಯವು 2013ರ ಏಪ್ರಿಲ್ 18ರಂದು ಕೊಟ್ಟ ತೀರ್ಪಿನಲ್ಲಿ, ಆ ಜನರ ದೈವಿಕ ಹಾಗೂ ಸಾಂಸ್ಕೃತಿಕ ಹಕ್ಕುಗಳಿಗೆ ಗಣಿಯಿಂದ ಬಾಧೆಯಿದೆಯೆ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲೆಂದಿತು. ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ಹನ್ನೆರಡು ಹಳ್ಳಿಗಳಲ್ಲಿ ಸಭೆ ಸೇರಿತು. ಅವುಗಳಲ್ಲಿ ಕೆಲವು ಹತ್ತಿಪ್ಪತ್ತು ಮನೆಗಳ ಹಾಡಿಗಳು. ಹನ್ನೆರಡಕ್ಕೆ ಹನ್ನೆರಡೂ ಒಲ್ಲೆವೆಂದವು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಗಣಿಯ ಪ್ರಸ್ತಾಪವನ್ನು ತಿರಸ್ಕರಿಸಿತು.

ಅಲ್ಯುಮಿನಿಯಮ್ ಪಾತ್ರೆಯಲ್ಲಿ ಅನ್ನ ಮಾಡುವವರು ಆ ಗಿರಿಜನರ ನಿರಾಕರಣೆಯನ್ನು ಕೊಂಡಾಡುವುದು ಎಷ್ಟು ಸರಿ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಿರು ಬೇಡವೆನ್ನುವ ಲೋಕ ಇದಲ್ಲ, ಎಲ್ಲ ಬೆಟ್ಟದ ಮೇಲೆಯೂ ದೇವರಿದ್ದಾನೆಂದು ಹೇಳಿದರೆ ರೈಲು ಓಡುವುದಿಲ್ಲ. 2002ರ ಆ ಅಕ್ಟೋಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಬೇಕೆಂದು ತೀರ್ಪಿತ್ತಾಗ, ಭದ್ರೆಯ ನೀರು ತಿಳಿಯಾದೀತೆಂದು ಬಯಲುಸೀಮೆಯ ರೈತರು ಸಮಾಧಾನಪಟ್ಟರು; ಗಣಿಯೂರಿನ ಕಾರ್ಮಿಕರು ಗಂಟು ಕಟ್ಟಿದರು. ಎರಡೂ ನಿಜ. ಆದರೆ ಒಲ್ಲೆನೆನ್ನುವ ಅಧಿಕಾರವಿಲ್ಲದವನಿಗೆ ಕೊಡುವ ಹಣವನ್ನು ‘ಬೆಲೆ’ ಎಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ಬೆಲೆಯೆಂದರೆ ಇಬ್ಬರು ಒಪ್ಪಿದ್ದು. ಒಬ್ಬನೇ ಒಪ್ಪಿ ಇನ್ನೊಬ್ಬನ ಕೈಗೆ ತುರುಕುವ ಹಣಕ್ಕೆ ಬೇರೆ ಹೆಸರಿದೆ. ಕೌತ್ಸನು ಹೆಚ್ಚಿನ ಹೊನ್ನನ್ನು ಒಲ್ಲೆನೆಂದನು, ರಘುವು ಅದನ್ನು ಕೇಳಿಸಿಕೊಂಡನು. ಕೇಳಿಸಿಕೊಳ್ಳುವ ಕಿವಿಯೂ ರಾಜಧರ್ಮವೇ.

ಮಹಾನಗರದ ನಿವಾಸಿಗಳಿಗೆ ಇದೆಲ್ಲ ದೂರದ ಅರಣ್ಯದ ಸುದ್ದಿಯೆನ್ನಿಸಿದರೆ ಮನೆಯ ನಲ್ಲಿಯನ್ನು ತಿರುಗಿಸಿ ನೋಡಬಹುದು. ಮುಂಬಯಿಗೆ ದಿನವೊಂದಕ್ಕೆ ಬರುವ ಸುಮಾರು 380 ಕೋಟಿ ಲೀಟರು ನೀರಿನಲ್ಲಿ ಹತ್ತಿರ ಹತ್ತಿರ ಅರ್ಧವು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಭಾತ್ಸಾ ಜಲಾಶಯದ್ದು. 1892ರಲ್ಲಿ ಮುಗಿದ ತಾನ್ಸಾ ಕೆರೆಯೂ ಅದೇ ತಾಲೂಕಿನದು. ಆ ನೀರನ್ನು ಹಿಡಿದು ನಿಲ್ಲಿಸುವುದು ಅಲ್ಲಿನ ಕಾಡು. ಕಾಡಿನಲ್ಲಿರುವವರು ಹೆಚ್ಚಾಗಿ ಠಾಕೂರ, ಕಾತಕರಿ, ಮಹಾದೇವ ಕೋಳಿ ಮೊದಲಾದ ಆದಿವಾಸಿಗಳು. ಶುದ್ಧೀಕರಣ, ಕೊಳವೆ, ಪಂಪು, ನೌಕರವರ್ಗ ಎಲ್ಲಕ್ಕೂ ನಗರದ ನೀರಿನ ಬಿಲ್ಲಿನಲ್ಲಿ ಖರ್ಚಿದೆ. ಕಾಡಿನ ಬಾಬ್ತು ಎಂದು ಆ ಜನರಿಗೆ ಸಲ್ಲುವ ಕಾಲಮ್ಮು ಇಲ್ಲ. ಇಲ್ಲಿ ಬೆಲೆ ಕಟ್ಟಿದ್ದು ಅನ್ಯಾಯವಲ್ಲ, ಕಟ್ಟದಿರುವುದೇ ಅನ್ಯಾಯ.

ಬೇರೆ ದಾರಿಯೇ ಇಲ್ಲವೆಂದಲ್ಲ. ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ದೂರದ ಕ್ಯಾಟ್ಸ್‌ಕಿಲ್ ಗುಡ್ಡಗಾಡಿನಿಂದ. ಹಿಂದೆ ಜಲಾಶಯಗಳಿಗಾಗಿ ಅಲ್ಲಿನ ಹಳ್ಳಿಗಳನ್ನು ಬಲವಂತದಿಂದ ಎಬ್ಬಿಸಿದ ಕಹಿ ನೆನಪು ಆ ಸೀಮೆಗೆ ಬಹುಕಾಲ ಇತ್ತು. 1990ರ ದಶಕದಲ್ಲಿ, 600 ಕೋಟಿ ಡಾಲರಿಗೂ ಮಿಕ್ಕ ಖರ್ಚಿನ ಸೋಸುಯಂತ್ರಗಳನ್ನು ಸ್ಥಾಪಿಸುವುದೋ, ಮೇಲಿನವರೊಡನೆ ಮಾತಾಡುವುದೋ ಎಂಬ ಪ್ರಶ್ನೆ ಎದ್ದಾಗ ನಗರವು ಮಾತನ್ನು ಆರಿಸಿಕೊಂಡಿತು. 1997ರ ಒಡಂಬಡಿಕೆಯಂತೆ ನೀರನ್ನು ನಿರ್ಮಲವಾಗಿಡುವ ರೈತರಿಗೂ ಊರುಗಳಿಗೂ ನಗರವೇ ಹಣ ಕೊಡುತ್ತ ಬಂದಿದೆ. ಭೂಮಿ ಬೇಕಾದರೆ ಮಾರಲೊಪ್ಪುವವರಿಂದ ಮಾತ್ರ ಕೊಳ್ಳಬೇಕು. ಶ್ರೀಮಂತ ದೇಶಕ್ಕೆ ಸುಲಭವೆನ್ನಬಹುದು. ಆದರೆ ಅವರು ಆರಿಸಿಕೊಂಡದ್ದು ಅಗ್ಗದ ದಾರಿಯನ್ನೇ.

ದಸರೆಯ ಹೊತ್ತಿಗೆ ಮಳೆ ಹಿಂದೆಗೆದು ಭಾತ್ಸಾ ತುಂಬಿರುತ್ತದೆ. ನಗರದ ಕೊಳವೆಗಳು ಹಾದುಹೋಗುವ ಶಹಾಪುರದ ಪಾಡಾಗಳಲ್ಲಿ ಆಗ ಬಾವಿಗೂ ನೀರಿರುತ್ತದೆ, ತೊರೆಗೂ ನೀರಿರುತ್ತದೆ. ಮಾರ್ಚ್ ಕಳೆದ ಮೇಲೆ ಎರಡೂ ಬತ್ತುತ್ತವೆ. ಕೊಡಗಳನ್ನು ಸಾಲಾಗಿ ಇಟ್ಟು ಅಲ್ಲಿಯ ಹೆಂಗಸರು ಟ್ಯಾಂಕರಿನ ದಾರಿ ಕಾಯುತ್ತಾರೆ.